ಕೊನೆಯ ವ್ಯಂಜನ ನುಂಗಿದರೆ ಫ್ರೆಂಚ್ ಆಗುವುದಿಲ್ಲ

ಇಂಗ್ಲಿಷ್ ಟಿವಿ ಚರ್ಚೆ, ಕ್ರಿಕೆಟ್ ಕಾಮೆಂಟರಿ, ಕಾಲೇಜು ಸೆಮಿನಾರು, ಎಲ್ಲಿ ಕೇಳಿದರೂ ‘ಕೂ ದ ಗ್ರಾ’. ಎದುರಾಳಿಯ ಕಥೆ ಮುಗಿಸುವ ಕೊನೆಯ ಏಟು ಎಂಬ ಅರ್ಥದಲ್ಲಿ ಇಂಗ್ಲಿಷಿನವರು ಫ್ರೆಂಚಿನಿಂದ ತಂದುಕೊಂಡ ನುಡಿ ಇದು. ಸರಿಯಾದ ಉಚ್ಚಾರ ‘ಕೂ ದ ಗ್ರಾಸ್’. ಆ ಸಕಾರ ಬಾಯಿತಪ್ಪಿ ಹೋಗಿದ್ದರೆ ಕ್ಷಮಿಸಬಹುದಿತ್ತು. ಫ್ರೆಂಚಿನಲ್ಲಿ ಕೊನೆಯ ವ್ಯಂಜನವನ್ನು ಎಂದೂ ಉಚ್ಚರಿಸಬಾರದು ಎಂದು ನಂಬಿ, ಬೇಕೆಂದೇ ಬಿಡುತ್ತಾರೆ. ನನಗೆ ಸಹಿಸಲಾಗದ್ದು ಅದು.

ಆ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ಪ್ಯಾರಿಸ್ ಅಲ್ಲಿನವರ ಬಾಯಲ್ಲಿ ‘ಪಾರಿ’. ಸೈನ್ಯ ಅಧಿಕಾರ ಕಿತ್ತುಕೊಂಡಾಗ ಬಳಸುವ ‘ಕೂ ದೇತಾ’ದಲ್ಲಿ ಬರಹದ ‘ಪಿ’ಯೂ ಕೊನೆಯ ‘ಟಿ’ಯೂ ಕೇಳಿಸುವುದಿಲ್ಲ. ಆದರೆ ವ್ಯಂಜನದ ಮುಂದೆ ರೋಮನ್ ಲಿಪಿಯ ‘ಇ’ ಇದ್ದರೆ ಲೆಕ್ಕವೇ ಬೇರೆ. ಆ ‘ಇ’ ತಾನು ಕೇಳಿಸದಿದ್ದರೂ ಹಿಂದಿನ ವ್ಯಂಜನವನ್ನು ಕಾಪಾಡುತ್ತದೆ. ಚಿಕ್ಕ ಹುಡುಗನಿಗೆ ‘ಪೆತಿ’ ಎನ್ನುವವರು ಚಿಕ್ಕ ಹುಡುಗಿಗೆ ‘ಪೆತಿತ್’ ಎನ್ನುವುದು ಇದರಿಂದಲೇ. ‘ಗ್ರಾಸ್’ ಬರೆಯುವಾಗ ಕೊನೆಯಲ್ಲಿ ‘ಸಿ’, ಅದರ ಮುಂದೆ ‘ಇ’. ಸಕಾರ ಉಳಿಯಲೇಬೇಕು.

ಬಿಟ್ಟರೆ ಅರ್ಥವೂ ಕೆಡುತ್ತದೆ. ಫ್ರೆಂಚಿನ ‘ಗ್ರಾ’ ಎಂದರೆ ಕೊಬ್ಬು. ನ್ಯೂ ಆರ್ಲಿಯನ್ಸ್‌ನ ಪ್ರಸಿದ್ಧ ‘ಮಾರ್ಡಿ ಗ್ರಾ’ ಹಬ್ಬದಲ್ಲಿರುವುದು ಆ ಪದ; ಕ್ರೈಸ್ತರ ಉಪವಾಸ ಕಾಲಕ್ಕೆ ಮುಂಚಿನ, ಹೊಟ್ಟೆತುಂಬ ಉಣ್ಣುವ ಮಂಗಳವಾರ. ‘ಗ್ರಾಸ್’ ಎಂದರೆ ಕರುಣೆ. ಬದುಕುಳಿಯಲಾರದಷ್ಟು ಗಾಯಗೊಂಡು ನರಳುವವನ ನೋವು ಮುಗಿಸಲು ಕೊಡುವ ಏಟಿಗೆ ಆ ಹೆಸರು. ಸಕಾರ ಹೋದರೆ ಕರುಣೆಯೇ ಹೋಗಿ, ಉಳಿಯುವುದು ಕೊಬ್ಬಿನ ಏಟು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಇಂಗ್ಲಿಷಿಗೆ ಹರಿದುಬಂದ ಫ್ರೆಂಚ್ ಪದಗಳ ರಾಶಿಯಲ್ಲಿ ಇದೇ ಪದ ‘ಗ್ರೇಸ್’ ಆಗಿ ಸೇರಿದೆ. ಪರೀಕ್ಷೆಯ ಗ್ರೇಸ್ ಮಾರ್ಕ್ಸ್ ಕೇಳುವಾಗ ಯಾರಾದರೂ ‘ಗ್ರೇ ಮಾರ್ಕ್ಸ್’ ಎಂದದ್ದುಂಟೆ?

ಒಂದೇ ದರದ ಊಟಕ್ಕೆ ದೊಡ್ಡ ಹೋಟೆಲುಗಳು ಬಳಸುವ ‘ಪ್ರೀ ಫಿಕ್ಸ್’ ನೋಡಿ. ಬರಹದಲ್ಲಿ ಎರಡು ಪದಗಳಲ್ಲೂ ‘ಎಕ್ಸ್’ ಇದೆ. ಮೊದಲನೆಯದು ಪದದ ತುದಿಯಲ್ಲಿದೆ, ಕೇಳಿಸದು. ಎರಡನೆಯದರ ಮುಂದೆ ‘ಇ’ ಇದೆ, ಕೇಳಿಸುತ್ತದೆ. ಇನ್ನು ‘ಬೊಂಜೂರ್’, ‘ಶೆಫ್’, ‘ಒತೆಲ್’, ‘ಅವೆಕ್’ ಇವುಗಳಲ್ಲಿ ‘ಇ’ಯ ನೆರವಿಲ್ಲದೆಯೂ ಕೊನೆಯ ವ್ಯಂಜನ ಗಟ್ಟಿಯಾಗಿ ಕೇಳುತ್ತದೆ. ದಿನಕ್ಕೆ ಹತ್ತು ಸಲ ‘ಶೆಫ್’ ಎನ್ನುವವರಿಗೂ ಅನುಮಾನ ಬರುವುದಿಲ್ಲವಲ್ಲ! ಮುಂದಿನ ಪದ ಸ್ವರದಿಂದ ಶುರುವಾದರೆ ಮೌನವಾಗಿದ್ದ ವ್ಯಂಜನವೂ ಎಷ್ಟೋ ಸಲ ಮಾತಾಡುತ್ತದೆ: ‘ವೀಜ಼ಾವೀ’ಯಲ್ಲಿ ಮೊದಲ ‘ಎಸ್’ ಜ಼ಕಾರವಾಗಿ ಕೇಳುತ್ತದೆ, ಕೊನೆಯದು ಇಲ್ಲ.

ಉಳಿದ ತಪ್ಪುಗಳಿಗೆ ಒಂದೊಂದು ಮಾತು ಸಾಕು. ಆಮಂತ್ರಣದ ಆರ್‌ಎಸ್‌ವಿಪಿಯಲ್ಲೇ ‘ದಯವಿಟ್ಟು’ ಇದೆ, ಮುಂದೆ ಪ್ಲೀಸ್ ಬೇಡ. ‘ಆಂತ್ರೆ’ ಅಮೆರಿಕದಲ್ಲಿ ಮುಖ್ಯ ಊಟ, ಫ್ರಾನ್ಸಿನಲ್ಲಿ ಅದಕ್ಕೂ ಮೊದಲು ಬರುವ ತಿನಿಸು. ಕಛೇರಿ ಮುಗಿದ ಮೇಲೆ ಇನ್ನೊಂದು ಹಾಡು ಬೇಕಾದರೆ ಫ್ರೆಂಚರು ‘ಆಂಕೋರ್’ ಎಂದು ಕೂಗುವುದಿಲ್ಲ, ‘ಬಿಸ್’ ಎನ್ನುತ್ತಾರೆ, ಅದೂ ಕೊನೆಯ ಸಕಾರ ಕೇಳಿಸುವಂತೆ.

ಈ ಅರ್ಧ ನಿಯಮವನ್ನು ಯಾರೂ ಪರೀಕ್ಷಿಸದೆ ನಂಬುವುದು ಏಕೆ? ವಿದೇಶಿ ಪದ ಎಷ್ಟು ವಿಚಿತ್ರವಾಗಿ ಕೇಳಿಸಿದರೆ ಅಷ್ಟು ಶುದ್ಧ ಎಂಬ ಭ್ರಮೆಯಿಂದ. ಇಂಗ್ಲಿಷ್ ಮಾತಾಡುವ ಎಷ್ಟೋ ಜನ ನಮ್ಮ ತಾಜ್ ಮಹಲಿನ ಜಕಾರವನ್ನು ಫ್ರೆಂಚರ ‘ಬೊಂಜೂರ್’ನಲ್ಲಿರುವಂತೆ ಮೆತ್ತಗೆ ಎಳೆಯುತ್ತಾರೆ. ಅವರದೇ ‘ಜಾನ್’, ‘ಜಾಬ್’ಗಳ ಸಾಮಾನ್ಯ ಜಕಾರ ಹಾಕಿದ್ದರೆ ಸರಿಹೋಗುತ್ತಿತ್ತು, ಪರದೇಶದ ಹೆಸರು ಅಷ್ಟು ಸುಲಭವಿರಲಾರದು ಎಂದು ಅವರೇ ತೀರ್ಮಾನಿಸಿದ್ದಾರೆ. ನಿಘಂಟು ಇಂದು ಫೋನಿನಲ್ಲೇ ಉಚ್ಚರಿಸಿ ತೋರಿಸುತ್ತದೆ. ಆದರೂ ಕೇಳಿ ನೋಡುವ ಸಹನೆ ಇಲ್ಲದವರು, ಸಭೆಯಲ್ಲಿ ‘ಗ್ರಾಸ್’ ಎಂದು ಸರಿಯಾಗಿ ಹೇಳಿದವರನ್ನೇ ತಡೆದು ತಿದ್ದುತ್ತಾರೆ.