ಸೊನ್ನೆ ಕಳೆದ ನೋಟುಗಳ ಸುತ್ತ

ಬ್ರೆಜಿಲ್‌ನ ಸಾವಿರ ಕ್ರುಜಾಡೊ ನೋಟಿನಲ್ಲಿ ಕಾದಂಬರಿಕಾರ ಮಚಾಡೊ ದೆ ಅಸ್ಸಿಸ್ ಅವರ ಮುಖವಿದೆ. ಕೆಲವು ನೋಟುಗಳ ಮೇಲೆ ಒಂದು ತ್ರಿಕೋನದ ಮುದ್ರೆಯೂ ಇದೆ. ಅದು ಹೇಳುವ ಬೆಲೆ ಒಂದೇ ಒಂದು ಹೊಸ ಕ್ರುಜಾಡೊ. ಯಾರೋ ಗುಮಾಸ್ತ ರಬ್ಬರ್ ಸ್ಟಾಂಪ್ ಒತ್ತಿ ನೋಟು ಕೆಡಿಸಿದ್ದಾನೆ ಎಂದುಕೊಂಡು ಹಲವರು ಅದನ್ನು ಪಕ್ಕಕ್ಕಿಡುತ್ತಾರೆ.

ಅದು ಕೆಟ್ಟ ನೋಟಲ್ಲ. ಸರ್ಕಾರವೇ ಅಚ್ಚಿನಲ್ಲಿ ಹಾಕಿಸಿದ ಮೇಲ್ಮುದ್ರೆ ಅದು. 1989ರ ಜನವರಿಯಲ್ಲಿ ಸಾವಿರ ಕ್ರುಜಾಡೊಗೆ ಒಂದು ಕ್ರುಜಾಡೊ ನೊವೊ, ಅಂದರೆ ಹೊಸ ಕ್ರುಜಾಡೊ, ಎಂದು ನಿಗದಿಯಾಯಿತು. ಹೊಸ ವಿನ್ಯಾಸದ ನೋಟು ಬರಲು ತಿಂಗಳುಗಳು ಹಿಡಿಯುತ್ತವೆ, ಸಂಬಳದ ದಿನ ಅಲ್ಲಿಯವರೆಗೆ ಕಾಯುವುದಿಲ್ಲ. ಹಾಗಾಗಿ ಹಳೆಯ ವಿನ್ಯಾಸಕ್ಕೇ ಹೊಸ ಬೆಲೆಯ ಗುರುತು ಬಿತ್ತು. 1967, 1986 ಮತ್ತು 1993ರಲ್ಲೂ ಆ ದೇಶ ಮೂರು ಮೂರು ಸೊನ್ನೆ ತೆಗೆದು ಹೀಗೆಯೇ ನಿಭಾಯಿಸಿತು.

ಸೊನ್ನೆ ತೆಗೆದರೆ ಜನರ ದುಡ್ಡು ಮುಳುಗಿತು ಎಂಬ ನಂಬಿಕೆ ಇನ್ನೂ ಗಟ್ಟಿ. ಆದರೆ ಸಂಬಳ, ಸಾಲ, ಅಕ್ಕಿಯ ದರ ಎಲ್ಲವೂ ಒಂದೇ ಲೆಕ್ಕದಲ್ಲಿ ಇಳಿಯುವುದರಿಂದ ಕೊಳ್ಳುವ ಶಕ್ತಿ ಅಲ್ಲೇ ಇರುತ್ತದೆ. ದುಡ್ಡನ್ನು ಅದಕ್ಕೆ ಮೊದಲೇ ತಿಂದಿದ್ದು ಹಣದುಬ್ಬರ. ಈ ಗೊಂದಲಕ್ಕೆ 1990ರ ಮಾರ್ಚ್ ಕೂಡ ಕಾರಣವಿರಬಹುದು. ಆಗ ಸೊನ್ನೆ ಹೋಗಲೇ ಇಲ್ಲ. ಕ್ರುಜಾಡೊ ನೊವೊ ಒಂದಕ್ಕೊಂದರಂತೆ ಕ್ರುಜೇರೊ ಆಯಿತು, ಆಯತಾಕಾರದ ಮೇಲ್ಮುದ್ರೆ ಹೆಸರನ್ನಷ್ಟೇ ಬದಲಿಸಿತು. ಜನರನ್ನು ಕಂಗೆಡಿಸಿದ್ದು ಬೇರೆಯದೇ: ಅಧ್ಯಕ್ಷ ಫೆರ್ನಾಂಡೊ ಕೊಲೊರ್ ಸರ್ಕಾರ ಬ್ಯಾಂಕ್ ಖಾತೆಗಳಲ್ಲಿ 50,000 ಮೀರಿದ್ದ ಹಣವನ್ನು 18 ತಿಂಗಳು ತಡೆಹಿಡಿಯಿತು. ಆ ಸಂಕಟದ ದಿನಗಳ ನೂರರ ನೋಟಿನಲ್ಲಿರುವವರು ಕವಯಿತ್ರಿ ಸೆಸಿಲಿಯಾ ಮೆಯ್ರೆಲಿಸ್. 1953ರಲ್ಲಿ ಭಾರತಕ್ಕೆ ಬಂದು, ಇಲ್ಲಿ ಕಂಡದ್ದನ್ನು ಕವಿತೆಯಾಗಿಸಿದವರು ಅವರು. ನಮ್ಮ ಸಂಗ್ರಾಹಕರು ಆ ನೋಟನ್ನು ಹುಡುಕಿ ಇಟ್ಟುಕೊಳ್ಳಬೇಕು.

ನೋಟಿನ ಮೇಲಿನ ಅಂಕಿ ದೊಡ್ಡದಾದಷ್ಟೂ ಅದಕ್ಕೆ ಬೆಲೆ ಹೆಚ್ಚು ಎಂಬುದೂ ಸುಳ್ಳೇ. ಜರ್ಮನಿಯ 1922ರ ಸಾವಿರ ಮಾರ್ಕ್ ನೋಟಿಗೆ 1923ರಲ್ಲಿ ಕೆಂಪಕ್ಷರದಲ್ಲಿ ನೂರು ಕೋಟಿ ಮಾರ್ಕ್ ಎಂದು ಮೇಲ್ಮುದ್ರೆ ಬಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಬಂದ ಒಂದು ರೆಂಟನ್‌ಮಾರ್ಕ್‌ಗೆ ಹಳೆಯ ಒಂದು ಲಕ್ಷ ಕೋಟಿ ಮಾರ್ಕ್ ಕೊಡಬೇಕಿತ್ತು! ಮೇಲ್ಮುದ್ರೆಯ ಆ ಮಾರ್ಕ್ ನೋಟುಗಳು ರಾಶಿಗಟ್ಟಲೆ ಉಳಿದಿವೆ, ಅಗ್ಗಕ್ಕೇ ಸಿಗುತ್ತವೆ. ಬೆಲೆ ತರುವುದು ಉಳಿದಿರುವ ಸಂಖ್ಯೆ, ಸೀರಿಯಲ್ ನಂಬರ್, ಮಡಿಕೆಯಿಲ್ಲದ ಗರಿಗರಿ ಕಾಗದ. ತೊಳೆದು ಇಸ್ತ್ರಿ ಹಾಕಿದರೆ ಇದ್ದ ಬೆಲೆಯೂ ಹೋಗುತ್ತದೆ.

ಮೇಲ್ಮುದ್ರೆಯಿದ್ದರೆ ಅಸಲಿ ಎಂದೂ ಹೇಳುವಂತಿಲ್ಲ. ಸಾದಾ ನೋಟಿಗೆ ಮುದ್ರೆ ಹಾಕಿ ಮಾರುವವರಿದ್ದಾರೆ. ಯಾವ ಸರಣಿಯ ನೋಟುಗಳಿಗೆ ಮೇಲ್ಮುದ್ರೆ ಬಿದ್ದಿತ್ತು ಎಂಬುದು ಕ್ಯಾಟಲಾಗ್‌ನಲ್ಲಿರುತ್ತದೆ, ಕೊಳ್ಳುವ ಮೊದಲು ಅದನ್ನು ತಾಳೆ ನೋಡಬೇಕು. ಬರೀ ರಿಯಾಲ್ ಎಂದು ಮುದ್ರೆ ಹಾಕಿದ ಹಳೆಯ ಬ್ರೆಜಿಲ್ ನೋಟನ್ನು ಯಾರಾದರೂ ತೋರಿಸಿದರೆ ಅದು ನಕಲಿ ಎನ್ನಲು ಕ್ಯಾಟಲಾಗ್ ಕೂಡ ಬೇಡ. 1994ರ ಜುಲೈ 1ರಂದು, 1993ರಲ್ಲಿ ಬಂದಿದ್ದ ಕ್ರುಜೇರೊ ರಿಯಾಲ್ 2,750ಕ್ಕೆ ಒಂದು ರಿಯಾಲ್ ಎಂದಾಯಿತು. ಸೊನ್ನೆ ತೆಗೆದು ಸರಿಪಡಿಸುವ ಲೆಕ್ಕವಲ್ಲ ಅದು. ಆ ಸಲ ಜನರ ಕೈಗೆ ಬಂದದ್ದು ಮೊದಲೇ ಅಚ್ಚಾಗಿದ್ದ ಹೊಚ್ಚ ಹೊಸ ನೋಟುಗಳು.