ನೀರುಳಿತಾಯದ ಲೆಕ್ಕ ಬಚ್ಚಲುಮನೆಯಿಂದಲೇ ಆರಂಭವಾಗಲಿ

ಕುಡಿದುಳಿದ ಅರ್ಧ ಲೋಟ ನೀರನ್ನು ಸಿಂಕಿಗೆ ಚೆಲ್ಲಿದ ಮಕ್ಕಳನ್ನು ಗದರಿಸದ ಮನೆಯಿಲ್ಲ. ಆದರೆ ಅದೇ ಮನೆಯ ಶೌಚಾಲಯದಲ್ಲಿ ಒಮ್ಮೆ ಫ್ಲಶ್ ಒತ್ತಿದಾಗ 10 ಲೀಟರ್, ಅಂದರೆ 50 ಲೋಟ ನೀರು ಹರಿದುಹೋಗುವುದು ಯಾರ ಗಮನಕ್ಕೂ ಬರುವುದಿಲ್ಲ. ನೀರುಳಿತಾಯದ ಬಗ್ಗೆ ನಮ್ಮಲ್ಲಿ ಉಪದೇಶಕ್ಕೆ ಕೊರತೆಯಿಲ್ಲ. ಕೊರತೆ ಇರುವುದು ಲೆಕ್ಕಕ್ಕೆ. ಯಾವ ಕೆಲಸಕ್ಕೆ ಎಷ್ಟು ನೀರು ವ್ಯಯವಾಗುತ್ತಿದೆ ಎಂಬುದು ತಿಳಿದರೆ, ಎಲ್ಲಿ ಉಳಿಸಬೇಕು ಎಂಬುದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ನೂರು ಕಿ.ಮೀ. ದೂರದ ನೀರು

ಬೆಂಗಳೂರಿನ ನಲ್ಲಿಯಲ್ಲಿ ಬರುವ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ ಬರುತ್ತದೆ. ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಣಗೊಂಡು, ಹಂತಹಂತವಾಗಿ ಸುಮಾರು 500 ಮೀಟರ್ ಎತ್ತರಕ್ಕೆ ಏರಿದ ನಂತರವೇ ಅದು ನಗರವನ್ನು ತಲುಪುತ್ತದೆ. ಹೀಗಾಗಿ ಪೋಲಾದ ಪ್ರತಿ ಬಕೆಟ್ ನೀರಿನೊಂದಿಗೆ ವಿದ್ಯುತ್ತೂ ಪೋಲಾಗುತ್ತದೆ.

2024ರ ಬೇಸಿಗೆಯನ್ನು ಬೆಂಗಳೂರಿಗರು ಇನ್ನೂ ಮರೆತಿಲ್ಲ. ಸಾವಿರಾರು ಕೊಳವೆ ಬಾವಿಗಳು ಬತ್ತಿ, ಟ್ಯಾಂಕರ್ ನೀರಿಗೆ ಜಿಲ್ಲಾಡಳಿತವೇ ದರ ನಿಗದಿಪಡಿಸಬೇಕಾಯಿತು. ಕಾರು ತೊಳೆಯಲು, ಕೈತೋಟಕ್ಕೆ ಹಾಗೂ ಕಟ್ಟಡ ನಿರ್ಮಾಣಕ್ಕೆ ಕುಡಿಯುವ ನೀರು ಬಳಸಿದವರಿಗೆ ಜಲಮಂಡಳಿ 5,000 ರೂಪಾಯಿ ದಂಡ ವಿಧಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾಗಿ, ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು ತರುವ ವ್ಯವಸ್ಥೆಯಾಯಿತು. ಆದರೆ ಯೋಜನೆಯ ಹಂತಗಳನ್ನು ಹೆಚ್ಚಿಸಿದಷ್ಟು ಸುಲಭವಾಗಿ ನದಿಯ ನೀರನ್ನು ಹೆಚ್ಚಿಸಲಾಗದು.

ಇದು ರಾಜಧಾನಿಯೊಂದರ ಸಮಸ್ಯೆಯೂ ಅಲ್ಲ. ಮಳೆಗೆ ಹೆಸರಾದ ಕರಾವಳಿಯ ಮಂಗಳೂರಿನಲ್ಲೂ ತುಂಬೆ ಅಣೆಕಟ್ಟೆಯ ನೀರಿನ ಮಟ್ಟ ಕುಸಿದು, 2019ರ ಬೇಸಿಗೆಯಲ್ಲಿ ಸರದಿಯಂತೆ ನೀರು ಬಿಡಬೇಕಾಗಿ ಬಂದಿತ್ತು.

ಎಲ್ಲಿ, ಎಷ್ಟು?

ಒಳಚರಂಡಿ ವ್ಯವಸ್ಥೆಯಿರುವ ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ದೇಶದಲ್ಲಿ ಸಾಮಾನ್ಯವಾಗಿ ಪಾಲಿಸುವ ಮಾನದಂಡ. ನಾಲ್ವರ ಕುಟುಂಬಕ್ಕೆ ಇದು 540 ಲೀಟರ್ ಆಗುತ್ತದೆ. ಇದರಲ್ಲಿ ಕುಡಿಯಲು ಮತ್ತು ಅಡುಗೆಗೆ ಬಳಕೆಯಾಗುವುದು ಅತ್ಯಲ್ಪ. ಸಿಂಹಪಾಲು ಸ್ನಾನ, ಶೌಚಾಲಯ ಮತ್ತು ಬಟ್ಟೆ ಒಗೆಯುವುದಕ್ಕೆ ಸಲ್ಲುತ್ತದೆ.

ಮೊದಲು ಸ್ನಾನದ ಲೆಕ್ಕ ನೋಡೋಣ. ನಿಮಿಷಕ್ಕೆ 10 ಲೀಟರ್ ಸುರಿಸುವ ಷವರ್‌ನ ಕೆಳಗೆ ಎಂಟು ನಿಮಿಷ ನಿಂತರೆ 80 ಲೀಟರ್ ಖರ್ಚಾಗುತ್ತದೆ. ಬಕೆಟ್ ಮತ್ತು ಚೊಂಬು ಬಳಸಿದರೆ 20 ಲೀಟರ್ ಸಾಕು. ನಾಲ್ವರು ಬಕೆಟ್ ಸ್ನಾನಕ್ಕೆ ಮರಳಿದರೆ ದಿನಕ್ಕೆ 240 ಲೀಟರ್ ಉಳಿಯಿತು. ಷವರ್ ಬೇಕೇ ಬೇಕೆನ್ನುವವರು ಸೋಪು ಹಚ್ಚಿಕೊಳ್ಳುವಾಗ ಅದನ್ನು ನಿಲ್ಲಿಸಿದರೂ ಗಣನೀಯ ಉಳಿತಾಯವಾಗುತ್ತದೆ.

ಎರಡನೆಯದು ಫ್ಲಶ್. ದಿನಕ್ಕೆ 20 ಬಾರಿ ಫ್ಲಶ್ ಮಾಡುವ ಮನೆಯಲ್ಲಿ ಹಳೆಯ 10 ಲೀಟರ್ ತೊಟ್ಟಿಯಿದ್ದರೆ 200 ಲೀಟರ್ ಹೋಗುತ್ತದೆ. ನೀರು ತುಂಬಿ ಮುಚ್ಚಳ ಬಿಗಿದ ಒಂದು ಲೀಟರ್ ಬಾಟಲಿಯನ್ನು ಆ ತೊಟ್ಟಿಯೊಳಗೆ, ಚಲಿಸುವ ಭಾಗಗಳಿಗೆ ತಾಗದಂತೆ ಇಟ್ಟರೆ ಪ್ರತಿ ಬಾರಿ ಒಂದು ಲೀಟರ್ ಉಳಿದು, ತಿಂಗಳಿಗೆ 600 ಲೀಟರ್ ಆಗುತ್ತದೆ. ಎರಡು ಗುಂಡಿಗಳಿರುವ ಹೊಸ ಮಾದರಿಯ ತೊಟ್ಟಿಯಿದ್ದರೆ ಸಣ್ಣ ಗುಂಡಿ ಯಾವುದೆಂಬುದನ್ನು ಮನೆಯವರಿಗೆಲ್ಲ ತಿಳಿಸಿಕೊಡಿ.

ಮೂರನೆಯದು ನಲ್ಲಿ. ಹಲ್ಲುಜ್ಜುವಾಗ ಎರಡು ನಿಮಿಷ ನಲ್ಲಿ ಬಿಟ್ಟರೆ ಹತ್ತಾರು ಲೀಟರ್ ಹರಿಯುತ್ತದೆ. ಚೊಂಬಿನಲ್ಲಿ ಹಿಡಿದುಕೊಂಡರೆ ಒಂದು ಲೀಟರ್ ಸಾಕು. ನಲ್ಲಿಯ ತುದಿಗೆ ಅಳವಡಿಸುವ ಏರೇಟರ್ ಎಂಬ ಪುಟ್ಟ ಸಾಧನ ನೀರಿನೊಡನೆ ಗಾಳಿಯನ್ನು ಬೆರೆಸಿ ಹರಿವನ್ನು ಅರ್ಧಕ್ಕಿಂತಲೂ ಕಡಿಮೆ ಮಾಡುತ್ತದೆ. ಆದರೆ ಇದನ್ನು ವಾಷ್‌ಬೇಸಿನ್ ಮತ್ತು ಅಡುಗೆಮನೆಯ ಸಿಂಕಿಗೆ ಹಾಕಬೇಕೇ ಹೊರತು ಬಕೆಟ್ ತುಂಬುವ ನಲ್ಲಿಗೆ ಹಾಕಿ ಪ್ರಯೋಜನವಿಲ್ಲ. ಬಕೆಟ್ ತುಂಬಲು ಎಷ್ಟು ನೀರು ಬೇಕೋ ಅಷ್ಟು ಬೇಕೇ ಬೇಕು, ಸಮಯ ಮಾತ್ರ ಹೆಚ್ಚಾಗುತ್ತದೆ.

ಕಣ್ಣಿಗೆ ಬೀಳದ ಸೋರಿಕೆ

ಸೆಕೆಂಡಿಗೆ ಒಂದು ಹನಿ ತೊಟ್ಟಿಕ್ಕುವ ನಲ್ಲಿಯಿಂದ ದಿನಕ್ಕೆ 86,400 ಹನಿಗಳು ಬೀಳುತ್ತವೆ. 20 ಹನಿಗೆ ಒಂದು ಮಿಲಿಲೀಟರ್ ಎಂದಿಟ್ಟುಕೊಂಡರೂ ವರ್ಷಕ್ಕೆ 1,500 ಲೀಟರ್ ದಾಟುತ್ತದೆ. ಬಹಳಷ್ಟು ಸಂದರ್ಭಗಳಲ್ಲಿ ಕೆಲವೇ ರೂಪಾಯಿಯ ವಾಷರ್ ಬದಲಿಸಿದರೆ ಇದು ನಿಲ್ಲುತ್ತದೆ.

ಫ್ಲಶ್ ತೊಟ್ಟಿಯ ಸೋರಿಕೆ ಸದ್ದಿಲ್ಲದೆ ನಡೆಯುತ್ತದೆ. ತೊಟ್ಟಿಯ ನೀರಿಗೆ ಸ್ವಲ್ಪ ಅಡುಗೆ ಬಣ್ಣ ಬೆರೆಸಿ 15 ನಿಮಿಷ ಫ್ಲಶ್ ಮಾಡದೆ ಬಿಡಿ. ಕಮೋಡ್‌ನಲ್ಲಿ ಬಣ್ಣ ಕಾಣಿಸಿದರೆ ಒಳಗಿನ ವಾಲ್ವ್ ಸೋರುತ್ತಿದೆ ಎಂದರ್ಥ.

ಸಂಪಿನ ಸೋರಿಕೆ ಮೀಟರಿನಲ್ಲಿ ತಿಳಿಯುವುದಿಲ್ಲ. ಸಂಪಿಗೆ ಬಂದ ನೀರನ್ನಷ್ಟೇ ಮೀಟರ್ ಅಳೆಯುತ್ತದೆ. ನೀರು ಬಿಡದ ದಿನ ರಾತ್ರಿ, ಮೋಟಾರು ಹಾಕದೆ, ಸಂಪಿನ ನೀರಿನ ಮಟ್ಟವನ್ನು ಕೋಲಿನಿಂದ ಗುರುತು ಮಾಡಿ ಬೆಳಿಗ್ಗೆ ಮತ್ತೆ ನೋಡಬೇಕು. ಮಟ್ಟ ಇಳಿದಿದ್ದರೆ ಸಂಪು ಬಿರುಕು ಬಿಟ್ಟಿರುವ ಸಾಧ್ಯತೆಯಿದೆ. ಇನ್ನು ತಾರಸಿಯ ಟ್ಯಾಂಕ್ ತುಂಬಿ ಹರಿಯುವುದು ಎಲ್ಲರೂ ಕಂಡ ದೃಶ್ಯ. ನಿಮಿಷಕ್ಕೆ 30 ಲೀಟರ್ ಎತ್ತುವ ಮೋಟಾರನ್ನು ಹತ್ತು ನಿಮಿಷ ಮರೆತರೆ 300 ಲೀಟರ್ ಬೀದಿ ಸೇರುತ್ತದೆ. ನೀರು ತುಂಬಿದೊಡನೆ ಮೋಟಾರನ್ನು ತಾನಾಗಿ ನಿಲ್ಲಿಸುವ ಸಾಧನ ಅಳವಡಿಸಿದರೆ ಈ ಚಿಂತೆಯಿಲ್ಲ.

ನೀರಿಗೆ ಎರಡನೇ ಕೆಲಸ

ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಹಳ್ಳಿಯ ಮನೆಗಳಲ್ಲಿ ಚೆಲ್ಲುತ್ತಿರಲಿಲ್ಲ. ಅದು ಕಲಗಚ್ಚಾಗಿ ದನಗಳ ಪಾಲಾಗುತ್ತಿತ್ತು. ನಗರದಲ್ಲಿ ದನವಿಲ್ಲದಿದ್ದರೂ ಕುಂಡದ ಗಿಡಗಳಿವೆ. ಬಟ್ಟೆ ಜಾಲಿಸಿದ ಕೊನೆಯ ನೀರು ಬಚ್ಚಲು ತೊಳೆಯಲು, ಶೌಚಾಲಯಕ್ಕೆ ಸುರಿಯಲು ಸಾಕು.

ಆರ್‌ಓ ಶುದ್ಧೀಕರಣ ಯಂತ್ರ ಒಂದು ಲೀಟರ್ ಕುಡಿಯುವ ನೀರು ಕೊಡಲು ಸಾಮಾನ್ಯವಾಗಿ ಎರಡು ಮೂರು ಲೀಟರ್ ಹೊರಹಾಕುತ್ತದೆ. ಆ ಕೊಳವೆಯ ಕೆಳಗೆ ಬಕೆಟ್ ಇಟ್ಟರೆ ನೆಲ ಒರೆಸುವ ನೀರಿಗೆ ಬೇರೆ ನಲ್ಲಿ ತಿರುಗಿಸಬೇಕಿಲ್ಲ. ಲವಣಾಂಶ ಹೆಚ್ಚಿರುವುದರಿಂದ ಗಿಡಗಳಿಗೆ ನಿತ್ಯ ಹಾಕುವುದು ಬೇಡ. ಲವಣಾಂಶ ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆಯಿರುವ ಕಡೆ ಆರ್‌ಓ ಬಳಕೆ ನಿಷೇಧಿಸಲು ಕ್ರಮ ಕೈಗೊಳ್ಳುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಕೇಂದ್ರಕ್ಕೆ ಸೂಚಿಸಿತ್ತು ಎಂಬುದು ಗಮನಾರ್ಹ. ಯಂತ್ರ ಕೊಳ್ಳುವ ಮುನ್ನ ನೀರನ್ನು ಪರೀಕ್ಷಿಸಿಕೊಳ್ಳುವುದು ಲೇಸು.

ಹೊಸ ನೀರು ಬಂದೊಡನೆ ಹಂಡೆ, ಕೊಡಗಳಲ್ಲಿನ ‘ಹಳೇ ನೀರನ್ನು’ ಚೆಲ್ಲುವ ಅಭ್ಯಾಸ, ದಿನಗಟ್ಟಲೆ ನೀರಿಗಾಗಿ ಕಾಯುವ ಊರುಗಳಲ್ಲೇ ಹೆಚ್ಚು. ಶುಚಿಯಾದ ಪಾತ್ರೆಯಲ್ಲಿ ಮುಚ್ಚಿಟ್ಟ ನೀರು ಒಂದು ದಿನಕ್ಕೆ ಕೆಡುವುದಿಲ್ಲ. ಕುಡಿಯಲು ಮನಸ್ಸಾಗದಿದ್ದರೆ ಪಾತ್ರೆ ತೊಳೆಯಲು ಬಳಸಬಹುದು. ಆದರೆ ಡೆಂಗಿ ಸೊಳ್ಳೆ ಮರಿ ಮಾಡುವುದು ಇಂಥ ತೆರೆದಿಟ್ಟ ನೀರಿನಲ್ಲೇ ಆದ್ದರಿಂದ ಮುಚ್ಚಳ ಕಡ್ಡಾಯ. ವಾರಕ್ಕೊಮ್ಮೆ ಪಾತ್ರೆಯನ್ನು ಉಜ್ಜಿ ತೊಳೆಯಲೇಬೇಕು.

ಕೊಳವೆ ಒಡೆದಿರುವಾಗ ನಾವೇಕೆ?

‘ರಸ್ತೆಯಲ್ಲಿ ಕೊಳವೆ ಒಡೆದು ನೀರು ಹರಿಯುತ್ತಿರುವಾಗ ನಾನು ಚೊಂಬಿನ ಲೆಕ್ಕ ಇಡಬೇಕೇ’ ಎಂಬ ಪ್ರಶ್ನೆ ಸಹಜ. ನಗರಗಳಲ್ಲಿ ಪೂರೈಕೆಯಾಗುವ ನೀರಿನ ದೊಡ್ಡ ಪಾಲು ಲೆಕ್ಕಕ್ಕೆ ಸಿಗದೆ ಹೋಗುತ್ತಿರುವುದು ನಿಜ. ಅದನ್ನು ತಡೆಯುವುದು ಆಡಳಿತದ ಹೊಣೆ. ಆದರೆ ಮನೆಯ ಉಳಿತಾಯದ ಲಾಭ ಮೊದಲು ಸಿಗುವುದು ಮನೆಗೇ. ಬೆಂಗಳೂರು ಜಲಮಂಡಳಿಯ ಗೃಹಬಳಕೆಯ ಮೊದಲ ಹಂತದ ದರ ತಿಂಗಳಿಗೆ 8,000 ಲೀಟರ್‌ವರೆಗೆ ಅನ್ವಯಿಸುತ್ತದೆ. ಅದನ್ನು ಮೀರಿದ ಬಳಕೆಗೆ ದರ ಹೆಚ್ಚು. ದಿನಕ್ಕೆ 540 ಲೀಟರ್ ಬಳಸುವ ಮನೆ ತಿಂಗಳಿಗೆ 16,200 ಲೀಟರ್ ಮುಟ್ಟುತ್ತದೆ. 2014ರ ನಂತರ ಮೊದಲ ಬಾರಿಗೆ 2025ರ ಏಪ್ರಿಲ್‌ನಲ್ಲಿ ದರ ಏರಿಕೆಯಾಗಿದೆ ಎಂಬುದನ್ನೂ ಇಲ್ಲಿ ನೆನೆಯಬಹುದು.

ತೊಂದರೆಯಿರುವುದು ಅಪಾರ್ಟ್‌ಮೆಂಟ್‌ಗಳಲ್ಲಿ. ಅನೇಕ ಕಡೆ ಪ್ರತಿ ಮನೆಗೆ ಮೀಟರ್ ಇಲ್ಲದೆ, ನಿರ್ವಹಣಾ ಶುಲ್ಕದಲ್ಲೇ ನೀರಿನ ಖರ್ಚೂ ಸೇರಿಹೋಗುತ್ತದೆ. ಉಳಿಸಿದವರಿಗೂ ಚೆಲ್ಲಿದವರಿಗೂ ಒಂದೇ ಬಿಲ್ಲು. ಪ್ರತ್ಯೇಕ ಮೀಟರ್ ಅಳವಡಿಕೆಯನ್ನು ನಿವಾಸಿಗಳ ಸಂಘದ ಮುಂದಿನ ಸಭೆಯಲ್ಲಿ ಪ್ರಸ್ತಾಪಿಸುವುದು ಒಳಿತು.

ಸ್ವಂತ ಮೀಟರ್ ಇರುವವರು ಏಳು ದಿನ ಒಂದೇ ಸಮಯಕ್ಕೆ ಮೀಟರ್ ಓದಿ ಕ್ಯಾಲೆಂಡರಿನ ಮೇಲೆ ಬರೆದಿಡಿ. ಏಳನೇ ದಿನ ಒಟ್ಟು ಬಳಕೆಯನ್ನು ಆರರಿಂದಲೂ, ಬಂದದ್ದನ್ನು ಮನೆಯ ಸದಸ್ಯರ ಸಂಖ್ಯೆಯಿಂದಲೂ ಭಾಗಿಸಿ. ಉತ್ತರ 135ನ್ನು ಮೀರಿದ್ದರೆ, ಮೊದಲು ಬಚ್ಚಲುಮನೆಯ ಕಡೆ ನೋಡಿ.