ಶಿಶುವಿನ ಕಿವಿಯಲ್ಲಿ ವರ್ಣಮಾಲೆ

ಮಗುವು ಭಾಷೆಯನ್ನು ಕಲಿಯತೊಡಗುವುದು ಬಾಯಿ ಬಿಟ್ಟ ಮೇಲೆ ಎಂಬುದು ಲೋಕರೂಢಿಯ ಭಾವನೆ. ಮೊದಲ ತೊದಲುನುಡಿ ಹೊರಟ ದಿನವನ್ನೇ ಮನೆಮಂದಿ ನೆನಪಿನಲ್ಲಿಡುತ್ತಾರೆ. ಆದರೆ ಆ ವೇಳೆಗೆ ಕಲಿಕೆಯ ಒಂದು ಮುಖ್ಯ ಘಟ್ಟವು ಮುಗಿಯುತ್ತ ಬಂದಿರುತ್ತದೆ. ಅದು ನಡೆಯುವುದು ಕಿವಿಯಲ್ಲಿ. ಇನ್ನೂ ಸರಿಯಾಗಿ ಹೇಳುವುದಾದರೆ, ಕಿವಿ ತಂದೊಪ್ಪಿಸಿದ ನಾದವನ್ನು ವಿಂಗಡಿಸುವ ಮಿದುಳಿನಲ್ಲಿ.

ಗರ್ಭವಾಸದ ಕೊನೆಯ ತಿಂಗಳುಗಳಲ್ಲಿಯೇ ಶಿಶುವಿಗೆ ಶಬ್ದವು ಕೇಳಿಸುತ್ತದೆ. ನವಜಾತ ಶಿಶುವು ಅನ್ಯಸ್ತ್ರೀಯ ದನಿಗಿಂತ ತಾಯಿಯ ದನಿಯನ್ನೇ ಬಯಸುವುದೆಂದು 1980ರಲ್ಲಿ ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬ ಅಮೆರಿಕೆಯ ಮನೋವಿಜ್ಞಾನಿಗಳು ತೋರಿಸಿದರು. ಮಾತು ಬಾರದ ಕೂಸಿನ ಬಯಕೆ ತಿಳಿಯುವುದು ಹೇಗೆ? ರಬ್ಬರಿನ ತೊಟ್ಟನ್ನು ಒಂದು ಬಗೆಯಾಗಿ ಚೀಪಿದರೆ ತಾಯಿಯ ದನಿ, ಇನ್ನೊಂದು ಬಗೆಯಾಗಿ ಚೀಪಿದರೆ ಅನ್ಯಳ ದನಿ ಕೇಳುವ ಏರ್ಪಾಡು ಮಾಡಿದ್ದರು. ಕೂಸುಗಳು ತಾಯಿಯ ದನಿ ಬರುವ ಬಗೆಯಲ್ಲಿಯೇ ಹೆಚ್ಚಾಗಿ ಚೀಪಿದವು.

ಇದಕ್ಕಿಂತಲೂ ವಿಸ್ಮಯಕರವಾದುದು 1984ರಲ್ಲಿ ಪ್ರಕಟವಾದ ಒಂದು ಪ್ರಯೋಗ. ಕೆನಡಾ ದೇಶದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ವಿದ್ವಾಂಸರು ಇಂಗ್ಲಿಷ್ ಆಡುವ ಮನೆಗಳ ಶಿಶುಗಳಿಗೆ ಹಿಂದಿಯ ದಂತ್ಯ ತಕಾರವನ್ನೂ ಮೂರ್ಧನ್ಯ ಟಕಾರವನ್ನೂ ಕೇಳಿಸಿದರು. ಇಂಗ್ಲಿಷಿನಲ್ಲಿ ಈ ಭೇದವಿಲ್ಲ; ಆ ಭಾಷೆಯ ಪ್ರೌಢರಲ್ಲಿ ಬಹುಮಂದಿಗೆ ಎರಡೂ ಒಂದೇ ಎಂದು ತೋರುತ್ತವೆ. ಧ್ವನಿ ಬದಲಾದುದನ್ನರಿತು ಶಿಶುವು ತಲೆ ತಿರುಗಿಸಿದರೆ ಒಂದು ಆಟಿಕೆಯ ಪ್ರಾಣಿ ಬೆಳಗಿ ಕುಣಿಯುತ್ತಿತ್ತು. 6ರಿಂದ 8 ತಿಂಗಳ ಶಿಶುಗಳಲ್ಲಿ ಬಹುಪಾಲು ಈ ಭೇದವನ್ನು ಹಿಡಿದವು. 10ರಿಂದ 12 ತಿಂಗಳ ಶಿಶುಗಳಲ್ಲಿ ಹಿಡಿದವು ಕೆಲವೇ. ಹಿಂದಿ ಮನೆಗಳ ಶಿಶುಗಳಲ್ಲಾದರೋ ವರ್ಷ ತುಂಬುವಾಗಲೂ ಆ ಶಕ್ತಿ ಕುಂದಿರಲಿಲ್ಲ.

ಇದನ್ನು ಬರಿಯ ನಷ್ಟವೆಂದು ಎಣಿಸಲಾಗದು. ಹರಿಯುವ ಮಾತಿನಲ್ಲಿ ಸೆಕೆಂಡಿಗೆ ಹತ್ತಕ್ಕೂ ಮಿಕ್ಕಿ ವರ್ಣಗಳು ಬಂದೆರಗುತ್ತವೆ. ಸಕಲ ಭಾಷೆಗಳ ಸಕಲ ಭೇದಗಳನ್ನೂ ಅಳೆಯುತ್ತ ಕುಳಿತ ಮಿದುಳಿಗೆ ಅರ್ಥವು ದಕ್ಕಲಾರದು. ಆದುದರಿಂದ ಸುತ್ತಲಿನ ಮಾತಿನಲ್ಲಿ ಅರ್ಥಕ್ಕೆ ಸಂಬಂಧಿಸದ ಭೇದಗಳನ್ನು ಅದು ಗಣಿಸದೆ ಬಿಡುತ್ತದೆ. 'ಒತ್ತು', 'ಒಟ್ಟು' ಎಂಬಂತೆ ಅರ್ಥವನ್ನೇ ಬೇರೆ ಮಾಡುವ ಭೇದಗಳನ್ನು ತೀಕ್ಷ್ಣಗೊಳಿಸಿಕೊಳ್ಳುತ್ತದೆ. ಬಿಟ್ಟುದನ್ನು ಪ್ರೌಢರು ಅಭ್ಯಾಸದಿಂದ ಸ್ವಲ್ಪಮಟ್ಟಿಗೆ ಮರಳಿ ಪಡೆಯಬಹುದು, ಆದರೆ ಶ್ರಮ ಬಹಳ.

ಹಳಗನ್ನಡದ ವಿದ್ಯಾರ್ಥಿಗಳಿಗೆ ಇಲ್ಲಿ ೞಕಾರವು ನೆನಪಾಗದಿರದು. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಆ ಅಕ್ಷರವುಳ್ಳ ಪದಗಳನ್ನು ಹೆಕ್ಕಿ ಪಟ್ಟಿಮಾಡಿದ್ದಾನೆ. ಎಲ್ಲರ ನಾಲಗೆಯಲ್ಲೂ ಸಲೀಸಾಗಿ ನಿಂತಿರುವ ಅಕ್ಷರಕ್ಕಾಗಿ ಯಾವ ವೈಯಾಕರಣನೂ ಅಷ್ಟು ಶ್ರಮಪಡುವುದಿಲ್ಲ! ತಾಯಂದಿರ ಮಾತಿನಲ್ಲಿಯೇ ೞ ಮತ್ತು ಳಗಳು ಬೆರೆತುಹೋದ ಮೇಲೆ, ಅವೆರಡನ್ನು ಬೇರೆಯಾಗಿ ಕೇಳಲು ಮಕ್ಕಳಿಗೆ ಆಧಾರವೇ ಉಳಿಯಲಿಲ್ಲ. ತಮಿಳು, ಮಲಯಾಳಗಳು ಆ ವರ್ಣವನ್ನು ಇಂದಿಗೂ ಇರಿಸಿಕೊಂಡಿವೆ.

ಕಿವಿಗೆ ಬಿದ್ದ ಮಾತ್ರಕ್ಕೆ ಶಿಶುವು ಕಲಿಯುವುದೇ? 2003ರಲ್ಲಿ ಪೆಟ್ರಿಷಿಯಾ ಕೂಲ್ ಮತ್ತು ಸಂಗಡಿಗರು 9 ತಿಂಗಳ ಅಮೆರಿಕನ್ ಶಿಶುಗಳೊಡನೆ ಚೀನೀ ಭಾಷೆಯವರು ಕುಳಿತು ಆಡುವ, ಓದುವ 12 ಕೂಟಗಳನ್ನು ಏರ್ಪಡಿಸಿದರು. ಆ ಶಿಶುಗಳು ಚೀನೀ ವರ್ಣಭೇದವೊಂದನ್ನು ಗುರುತಿಸಬಲ್ಲವಾದವು. ಅದೇ ಮಾತನ್ನು ದೂರದರ್ಶನದ ತೆರೆಯಿಂದಲೋ ಧ್ವನಿಮುದ್ರಣದಿಂದಲೋ ಕೇಳಿದ ಶಿಶುಗಳು ಏನನ್ನೂ ಕಲಿಯಲಿಲ್ಲ. ಕೂಸಿನ ಕೈಗೆ ಮೊಬೈಲು ಕೊಟ್ಟು, ಅದು ಮಾತು ಕಲಿಯುತ್ತಿದೆಯೆಂದು ನೆಮ್ಮದಿಯಿಂದಿರುವ ಹಿರಿಯರು ಇದನ್ನು ಗಮನಿಸಬೇಕು.

ಶ್ರವಣದೋಷದಿಂದ ಹುಟ್ಟಿದ ಶಿಶುವಿನ ವಿಷಯದಲ್ಲಿ ಈ ಕಾಲಗಣನೆಯು ಇನ್ನೂ ಗಂಭೀರವಾದುದು. ಅದೂ ಮೊದಮೊದಲು ಇತರ ಕೂಸುಗಳಂತೆ ಕೇಕೆ ಹಾಕುವುದರಿಂದ ಮನೆಯವರಿಗೆ ಅನುಮಾನವೇ ಬರುವುದಿಲ್ಲ. 'ನಿಧಾನವಾಗಿ ಮಾತು ಬಂದೀತು' ಎಂದು ಎರಡು, ಮೂರು ವರ್ಷ ಕಾಯುವವರುಂಟು. 6 ತಿಂಗಳೊಳಗೆ ದೋಷವು ಪತ್ತೆಯಾಗಿ ನೆರವು ದೊರೆತ ಮಕ್ಕಳ ಭಾಷೆಯು, ತಡವಾಗಿ ಪತ್ತೆಯಾದವರ ಭಾಷೆಗಿಂತ ಮುಂದಿರುವುದೆಂದು 1998ರಲ್ಲಿ ಅಮೆರಿಕೆಯ ಕೊಲರಾಡೋದಿಂದ ಪ್ರಕಟವಾದ ಅಧ್ಯಯನವು ತೋರಿಸಿತು. ಶ್ರವಣಸಾಧನವಾಗಲಿ, ಸನ್ನೆಭಾಷೆಯಾಗಲಿ, ಬೇಗ ದೊರೆತಷ್ಟೂ ಲೇಸು. ನವಜಾತರ ಶ್ರವಣಪರೀಕ್ಷೆಯು ಕೂಸು ಮಲಗಿರುವಾಗಲೇ ಕೆಲವು ನಿಮಿಷಗಳಲ್ಲಿ, ನೋವಿಲ್ಲದೆ ಮುಗಿಯುತ್ತದೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ಪರೀಕ್ಷೆಯನ್ನೂ ಮುಂದಿನ ಚಿಕಿತ್ಸೆ, ತರಬೇತಿಗಳನ್ನೂ ನಡೆಸುತ್ತದೆ.